ಕೆಲಸ ಮಾಡುತ್ತಿದ್ದ ಸಾಧನವನ್ನು ಕೈಬಿಟ್ಟದ್ದು ಸರಿಯೇ?

2018ರ ಏಪ್ರಿಲ್‌ನಲ್ಲಿ ಉಬುಂಟು 18.04 ಬಿಡುಗಡೆಯಾದಾಗ ಹಳೆಯ ಬಳಕೆದಾರರಲ್ಲಿ ಹಲವರಿಗೆ ಒಂದು ಕೊರತೆ ಬೇಗನೇ ಕಣ್ಣಿಗೆ ಬಿತ್ತು. ಪಿಡಿಎಫ್‌ಟಿಕೆ ಎಂಬ ಸಾಧನ ಅದರ ಪ್ಯಾಕೇಜ್ ಭಂಡಾರದಲ್ಲಿ ಇರಲಿಲ್ಲ. ಅದೊಂದು ಕಮಾಂಡ್ ಲೈನ್ ಸಾಧನ. ಒತ್ತಲು ಗುಂಡಿಯಿಲ್ಲ, ಆರಿಸಲು ಮೆನುವಿಲ್ಲ. ಟರ್ಮಿನಲ್‌ನಲ್ಲಿ ಒಂದು ಸಾಲು ಬರೆದರೆ ಸಾಕು, ಹತ್ತಾರು ಪಿಡಿಎಫ್‌ಗಳನ್ನು ಒಂದಾಗಿಸುತ್ತಿತ್ತು, ದೊಡ್ಡ ಕಡತವನ್ನು ಬಿಡಿ ಪುಟಗಳಾಗಿ ಮಾಡುತ್ತಿತ್ತು, ಅಡ್ಡಡ್ಡ ಸ್ಕ್ಯಾನ್ ಆದ ಪುಟವನ್ನು ನೆಟ್ಟಗೆ ತಿರುಗಿಸುತ್ತಿತ್ತು, ಅರ್ಜಿ ನಮೂನೆಯ ಖಾಲಿ ಜಾಗ ತುಂಬುತ್ತಿತ್ತು, ಪಾಸ್‌ವರ್ಡ್ ಹಾಕುತ್ತಿತ್ತು. ಇಂಥ ಸಾಧನವನ್ನು ಜನ ಕೈಯಾರೆ ಓಡಿಸುವುದಕ್ಕಿಂತ ಸ್ಕ್ರಿಪ್ಟ್‌ಗಳಲ್ಲಿ ಬರೆದಿಟ್ಟು ಮರೆಯುವುದೇ ಹೆಚ್ಚು. ರಸೀದಿ ತಯಾರಿಸುವ, ಅಂಕಪಟ್ಟಿ ಜೋಡಿಸುವ, ದಾಖಲೆಗಳನ್ನು ರಾತ್ರೋರಾತ್ರಿ ವಿಂಗಡಿಸುವ ಸ್ಕ್ರಿಪ್ಟ್‌ಗಳು ಹೊಸ ಉಬುಂಟುವಿಗೆ ಬಂದ ಮೇಲೆ ಒಮ್ಮೆಲೇ ನಿಂತವು.

ಬಳಕೆದಾರರ ಸಿಟ್ಟು ಸಹಜವಾದದ್ದು. ನಿನ್ನೆಯವರೆಗೆ ಸರಿಯಾಗಿ ನಡೆಯುತ್ತಿದ್ದುದನ್ನು ತೆಗೆದುಹಾಕಲು ಇವರು ಯಾರು? ಲಿನಕ್ಸ್ ಡಿಸ್ಟ್ರೊ ಎಂಬ ವ್ಯವಸ್ಥೆ ಇರುವುದು ಬಳಕೆದಾರನಿಗೆ ಬೇಕಾದ್ದನ್ನು ಕೊಡಲು ತಾನೆ?

ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೂ ಪಿಡಿಎಫ್‌ಟಿಕೆಯನ್ನು ಹೊರಗಿಟ್ಟ ತೀರ್ಮಾನ ಸರಿಯಾಗಿತ್ತು. ಪ್ಯಾಕೇಜ್ ಮಾಡುವವರ ಕೆಲಸವನ್ನು ಹೊರಗಿನವರು ಅಳೆಯುವುದು ಅವರು ಎಷ್ಟನ್ನು ಒಳಗೆ ತಂದರು ಎಂಬ ಲೆಕ್ಕದಲ್ಲಿ. ಆದರೆ ಒಂದು ಸಾಧನವನ್ನು ಭಂಡಾರಕ್ಕೆ ಸೇರಿಸುವುದೆಂದರೆ ಅದರ ಮುಂದಿನ ಹಲವು ವರ್ಷಗಳ ಹೊಣೆಯನ್ನು ಒಪ್ಪಿಕೊಂಡಂತೆ. ಆ ಹೊಣೆ ಹೊರಲಾಗದ ದಿನ ಹಾಗೆಂದು ಹೇಳಿ ಕೈಬಿಡುವುದೂ ಅದೇ ಕೆಲಸದ ಭಾಗ. ಪಿಡಿಎಫ್‌ಟಿಕೆ ಹೊರಬಿದ್ದು ಮರಳಿ ಬಂದ ಬಗೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಪಿಡಿಎಫ್‌ಟಿಕೆಯನ್ನು ಬರೆದವರು ಸಿಡ್ ಸ್ಟುವರ್ಡ್. 2004ರಲ್ಲಿ ಓರೈಲಿ ಪ್ರಕಾಶನದಿಂದ ಬಂದ ‘ಪಿಡಿಎಫ್ ಹ್ಯಾಕ್ಸ್’ ಪುಸ್ತಕದ ಲೇಖಕರೂ ಅವರೇ. ಪಿಡಿಎಫ್‌ನ ಒಳರಚನೆಯನ್ನು ಓದಿ ಬರೆಯುವ ಭಾರದ ಕೆಲಸಕ್ಕೆ ಅವರು ಐಟೆಕ್ಸ್ಟ್ ಎಂಬ ಜಾವಾ ಲೈಬ್ರರಿಯನ್ನು ಆರಿಸಿಕೊಂಡರು. ಅದರ ಮೇಲಿನ ಕಮಾಂಡ್ ಪದರವನ್ನು ಸಿ++ ಭಾಷೆಯಲ್ಲಿ ಬರೆದರು. ಎರಡು ಭಾಷೆಗಳನ್ನು ಬೆಸೆದದ್ದು ಜಿಸಿಜೆ. ಜಿಸಿಸಿ ಕಂಪೈಲರ್ ಬಳಗಕ್ಕೆ ಸೇರಿದ್ದ ಈ ಸಾಧನ ಜಾವಾ ಕೋಡನ್ನು ನೇರವಾಗಿ ಯಂತ್ರಭಾಷೆಗೆ ಇಳಿಸುತ್ತಿತ್ತು. ಜಾವಾ ವಸ್ತುಗಳನ್ನು ಸಿ++ನಿಂದಲೇ ಸಲೀಸಾಗಿ ಬಳಸುವ ಸಿಎನ್‌ಐ ಎಂಬ ದಾರಿಯೂ ಜಿಸಿಜೆಯಲ್ಲಿತ್ತು. ಪಿಡಿಎಫ್‌ಟಿಕೆ ನಿಂತದ್ದು ಆ ದಾರಿಯ ಮೇಲೆ. ಆ ದಾರಿ ಬೇರೆ ಯಾವ ಜಾವಾ ವ್ಯವಸ್ಥೆಯಲ್ಲೂ ಇರಲಿಲ್ಲ.

ಆ ಕಾಲಕ್ಕೆ ಅದು ಒಳ್ಳೆಯ ಆಯ್ಕೆಯೇ. ಸನ್ ಕಂಪನಿಯ ಜಾವಾ ಆಗ ಮುಕ್ತ ತಂತ್ರಾಂಶವಾಗಿರಲಿಲ್ಲ. ಮುಕ್ತ ಪರವಾನಗಿಯ ಪ್ರೋಗ್ರಾಂ ಕೂಡ ಓಡಲು ಮುಕ್ತವಲ್ಲದ ಜಾವಾವನ್ನು ಬೇಡುತ್ತದೆ, ಹೀಗಾಗಿ ಅದೊಂದು ಬಲೆ ಎಂದು ರಿಚರ್ಡ್ ಸ್ಟಾಲ್‌ಮನ್ 2004ರಲ್ಲಿ ಎಚ್ಚರಿಸಿದ್ದರು. ಉಬುಂಟುವಿಗೆ ಆಧಾರವಾದ ಡೆಬಿಯನ್‌ನಂಥ ಡಿಸ್ಟ್ರೊಗಳ ಮುಖ್ಯ ಭಂಡಾರಕ್ಕೆ ಜಾವಾ ಪ್ರೋಗ್ರಾಂ ಸೇರಬೇಕೆಂದರೆ ಜಿಸಿಜೆಯಂಥ ಮುಕ್ತ ದಾರಿ ಬೇಕಿತ್ತು. ಪಿಡಿಎಫ್‌ಟಿಕೆ ಆ ದಾರಿಯಲ್ಲೇ ಬಂದು ಭಂಡಾರದೊಳಗೆ ನೆಲೆಯಾಯಿತು.

ಆಮೇಲೆ ಕಾಲ ಬದಲಾಯಿತು. ಸನ್ ತನ್ನ ಜಾವಾವನ್ನು ಜಿಪಿಎಲ್ ಅಡಿಯಲ್ಲಿ ತೆರೆಯುವುದಾಗಿ 2006ರ ನವೆಂಬರ್‌ನಲ್ಲಿ ಘೋಷಿಸಿತು. 2007ರಲ್ಲಿ ಓಪನ್‌ಜೆಡಿಕೆ ಬಂತು. ಮುಕ್ತ ಜಾವಾಕ್ಕಾಗಿ ಜಿಸಿಜೆಯ ಮೇಲೆ ದುಡಿಯುತ್ತಿದ್ದವರು ಅತ್ತ ಹೊರಳಿದರು, ಇತ್ತ ಜಿಸಿಜೆ ಸೊರಗಿತು. 2017ರ ಮೇ ತಿಂಗಳಲ್ಲಿ ಹೊರಬಂದ ಜಿಸಿಸಿ 7ರಲ್ಲಿ ಜಿಸಿಜೆ ಇರಲೇ ಇಲ್ಲ. ಅದಕ್ಕೂ ಮೊದಲೇ, 2014ರ ಕೊನೆಗೆ ಬಂದ ಫೆಡೋರಾ 21 ಪಿಡಿಎಫ್‌ಟಿಕೆಯನ್ನು ಬಿಟ್ಟಿತ್ತು. ಡೆಬಿಯನ್ ಮಾತ್ರ 2017ರ ಜೂನ್‌ನ ತನ್ನ 9ನೇ ಆವೃತ್ತಿಯವರೆಗೂ ಜಿಸಿಸಿ 6ರ ಜೊತೆಗಿದ್ದ ಜಿಸಿಜೆಯನ್ನು ಹಿಡಿದು ಅದನ್ನು ಕಾಪಾಡಿಕೊಂಡು ಬಂತು.

ಹಳೆಯ ಕಂಪೈಲರ್‌ನಲ್ಲಿ ಒಮ್ಮೆ ತಯಾರಾದ ಪ್ರೋಗ್ರಾಂ ಹಾಗೇ ಓಡುತ್ತಿದ್ದರೆ ಅದನ್ನೇ ಮುಂದುವರಿಸಬಾರದೇಕೆ ಎಂದು ಕೇಳಬಹುದು. ಬಾರದು ಎನ್ನುವುದಕ್ಕೆ ಕಾರಣ ಡೆಬಿಯನ್‌ನ ಮೂಲ ನಿಯಮದಲ್ಲಿದೆ: ಭಂಡಾರದಲ್ಲಿರುವ ಪ್ರತಿ ಪ್ಯಾಕೇಜೂ ಅದೇ ಭಂಡಾರದ ಸಾಧನಗಳಿಂದ ಸೋರ್ಸ್ ಕೋಡ್‌ನಿಂದ ಮತ್ತೆ ತಯಾರಾಗಬೇಕು. ಆಗದಿದ್ದರೆ ಅದು ಬಿಡುಗಡೆಯನ್ನೇ ತಡೆಯುವ ದರ್ಜೆಯ ದೋಷ. ನಾಳೆ ಒಂದು ಭದ್ರತಾ ಬಿರುಕು ಕಂಡರೆ ಸೋರ್ಸ್‌ನಲ್ಲಿ ಒಂದು ಸಾಲು ತಿದ್ದಿ ಮರುದಿನವೇ ಹೊಸ ಪ್ಯಾಕೇಜ್ ಕೊಡುವ ಶಕ್ತಿ ಇರಬೇಕು. ಸಾಧನ ಓಡುತ್ತಿದೆ, ಆದರೆ ತಿದ್ದಲಾಗದು ಎಂದಾದರೆ ಬಳಕೆದಾರನ ಬಳಿ ಇರುವುದು ಇವತ್ತಿನ ಅನುಕೂಲ ಮಾತ್ರ.

ಪಿಡಿಎಫ್ ವಿಷಯದಲ್ಲಂತೂ ಈ ಎಚ್ಚರ ಅತಿಯಾದದ್ದಲ್ಲ. ಪಿಡಿಎಫ್ ಕಡತ ಬರುವುದು ಬಹುತೇಕ ಅಪರಿಚಿತರಿಂದ: ಇಮೇಲ್‌ನಲ್ಲಿ, ಅರ್ಜಿಯ ಜೊತೆಗೆ, ಡೌನ್‌ಲೋಡ್ ಆಗಿ. ಅದರೊಳಗೆ ಕುಗ್ಗಿಸಿದ ಚಿತ್ರಗಳು, ಫಾಂಟ್‌ಗಳು, ಗೂಢಲಿಪೀಕರಣ, ಸ್ಕ್ರಿಪ್ಟ್‌ಗಳು, ಒಂದನ್ನೊಂದು ತೋರಿಸುವ ಸಾವಿರಾರು ವಸ್ತುಗಳಿರುತ್ತವೆ. ಅಷ್ಟನ್ನೂ ಬಿಡಿಸಿ ಓದುವ ಕೋಡ್‌ನಲ್ಲಿ ಒಂದು ಲೆಕ್ಕ ತಪ್ಪಿದರೂ ಸಾಕು, ಕಡತ ಕಳುಹಿಸಿದವನು ಕಂಪ್ಯೂಟರಿನೊಳಗೆ ಕೈಯಾಡಿಸಬಹುದು.

ಇದು ಊಹೆಯಲ್ಲ. ಡೆರೆಕ್ ನೂನ್‌ಬರ್ಗ್ 1995ರಲ್ಲಿ ಹೊರತಂದ ಎಕ್ಸ್‌ಪಿಡಿಎಫ್ ಒಂದು ಕಾಲಕ್ಕೆ ಯುನಿಕ್ಸ್ ಲೋಕದ ಮುಖ್ಯ ಪಿಡಿಎಫ್ ಓದುಗ. ಅದರ ಕೋಡ್ ಚೆನ್ನಾಗಿದ್ದುದರಿಂದ ಕೆಡಿಇಯವರು ತಮ್ಮ ಓದುಗಕ್ಕೆ, ಗ್ನೋಮ್‌ನವರು ತಮ್ಮದಕ್ಕೆ, ಪ್ರಿಂಟಿಂಗ್ ವ್ಯವಸ್ಥೆಯಾದ ಕಪ್ಸ್‌ನವರು ತಮ್ಮದಕ್ಕೆ ಅದನ್ನು ನಕಲು ಮಾಡಿಕೊಂಡರು. 2004ರಲ್ಲಿ ಎಕ್ಸ್‌ಪಿಡಿಎಫ್‌ನಲ್ಲಿ ಪೂರ್ಣಾಂಕ ಮಿತಿಮೀರುವ ದೋಷಗಳು ಹೊರಬಿದ್ದಾಗ ತಿದ್ದಬೇಕಾದದ್ದು ಒಂದೇ ಪ್ರೋಗ್ರಾಂ ಆಗಿರಲಿಲ್ಲ. ನಕಲು ಎಲ್ಲೆಲ್ಲಿ ಅಡಗಿದೆಯೋ ಅಲ್ಲೆಲ್ಲ ಅದೇ ತೇಪೆ ಹಾಕಬೇಕಾಯಿತು. 2005ರಲ್ಲಿ ಆ ಕೋಡನ್ನು ಬೇರ್ಪಡಿಸಿ ಎಲ್ಲರೂ ಹಂಚಿಕೊಳ್ಳುವ ಪಾಪ್ಲರ್ ಲೈಬ್ರರಿಯನ್ನು ಕಟ್ಟಿದ್ದಕ್ಕೆ ಇದೇ ದೊಡ್ಡ ಕಾರಣ. ಪಾಪ್ಲರ್ ಜೊತೆಗೆ ಬರುವ ಪಿಡಿಎಫ್‌ಯುನೈಟ್, ಪಿಡಿಎಫ್‌ಸೆಪರೇಟ್ ಎಂಬ ಪುಟ್ಟ ಕಮಾಂಡ್‌ಗಳು ಇವತ್ತು ಜೋಡಿಸುವ, ಬಿಡಿಸುವ ಸಾದಾ ಕೆಲಸವನ್ನು ಮಾಡುತ್ತವೆ. ಬೇರೆಯವರ ಕೋಡಿನ ನಕಲನ್ನು ಹೊಟ್ಟೆಯೊಳಗಿಟ್ಟುಕೊಂಡ ಪ್ಯಾಕೇಜ್ ಬೇಡ, ಹಂಚಿಕೆಯ ಲೈಬ್ರರಿಯನ್ನೇ ಬಳಸಿ ಎಂದು ಡೆಬಿಯನ್ ನೀತಿ ಹೇಳುವುದು ಇಂಥ ಪೆಟ್ಟು ತಿಂದ ಅನುಭವದಿಂದ.

ಈಗ ಮತ್ತೆ 2018ಕ್ಕೆ ಬರೋಣ. ಪಿಡಿಎಫ್‌ಟಿಕೆ ಸಿಗದೆ ಹೋದಾಗ ಜನ ಹಿಡಿದ ದಾರಿಗಳು ಮುಖ್ಯವಾಗಿ ಎರಡು. ಕೆಲವರು ಹಿಂದಿನ ಆವೃತ್ತಿಯ ಡೆಬ್ ಕಡತಗಳನ್ನು, ಜೊತೆಗೆ ಹಳೆಯ ಜಿಸಿಜೆ ಲೈಬ್ರರಿಗಳನ್ನು ಎಳೆದು ತಂದು ಹೊಸ ವ್ಯವಸ್ಥೆಯಲ್ಲಿ ಕೂರಿಸಿದರು. ಅದು ಓಡಿತು, ಆದರೆ ಅದಕ್ಕೆ ಮುಂದೆ ಯಾವ ತಿದ್ದುಪಡಿಯೂ ಬರುವಂತಿರಲಿಲ್ಲ. ಇನ್ನು ಕೆಲವರು ಸ್ನ್ಯಾಪ್ ರೂಪದ ಪಿಡಿಎಫ್‌ಟಿಕೆಯನ್ನು ಹಾಕಿಕೊಂಡರು. ಸ್ನ್ಯಾಪ್ ತನಗೆ ಬೇಕಾದ ಲೈಬ್ರರಿಗಳನ್ನೆಲ್ಲ ಒಳಗೇ ಹೊತ್ತು ತರುತ್ತದೆ. ಬಿಗಿ ಕಟ್ಟುಪಾಡಿನಲ್ಲಿ ಓಡುವುದರಿಂದ ಅದಕ್ಕೆ ಕಾಣುವ ತಾತ್ಕಾಲಿಕ ಫೋಲ್ಡರ್ ಅದರದ್ದೇ ಖಾಸಗಿ ಫೋಲ್ಡರ್. ಕಡತಗಳನ್ನು ವ್ಯವಸ್ಥೆಯ ತಾತ್ಕಾಲಿಕ ಫೋಲ್ಡರಿನಲ್ಲಿಟ್ಟು ಕೆಲಸ ಮಾಡುವ ಸ್ಕ್ರಿಪ್ಟ್‌ಗಳಿಗೆ ಅದು ಹೊಂದಲಿಲ್ಲ. ಕಟ್ಟುಪಾಡು ತಪ್ಪೆಂದಲ್ಲ, ಅದು ಒಳ್ಳೆಯ ರಕ್ಷಣೆಯೇ. ಆದರೆ ಒಂದು ಪ್ರೋಗ್ರಾಂನ ಹೊರಗೋಡೆಯನ್ನು ಗಟ್ಟಿ ಮಾಡಿದ ಮಾತ್ರಕ್ಕೆ ಒಳಗಿನ ಹಳೆಯ ಕೋಡ್ ಹೊಸದಾಗುವುದಿಲ್ಲ.

ನಿಜವಾದ ಪರಿಹಾರ ಬಂದದ್ದು ಬೇರೆ ಕಡೆಯಿಂದ. ಮಾರ್ಕ್ ವಿನ್ಯಾಲ್ಸ್ ಪಿಡಿಎಫ್‌ಟಿಕೆಯ ಸಿ++ ಭಾಗವನ್ನು ಜಾವಾಕ್ಕೆ ಹೊರಳಿಸಿ ಪಿಡಿಎಫ್‌ಟಿಕೆ-ಜಾವಾ ಎಂಬ ರೂಪ ಕೊಟ್ಟರು. ಜಿಸಿಜೆಯ ಹಂಗು ಹೋಯಿತು, ಸಾಮಾನ್ಯ ಓಪನ್‌ಜೆಡಿಕೆಯಲ್ಲೇ ಓಡುವಂತಾಯಿತು. 2019ರ ಜುಲೈನಲ್ಲಿ ಡೆಬಿಯನ್ 10 ಬಂದಾಗ ಪಿಡಿಎಫ್‌ಟಿಕೆ ಹೆಸರಿನ ಪ್ಯಾಕೇಜ್ ಹೊಸದಕ್ಕೆ ದಾರಿ ತೋರಿಸುವ ಸೇತುವೆಯಾಗಿ ಮಾತ್ರ ಉಳಿದಿತ್ತು. ಕಮಾಂಡಿನ ಹೆಸರು ಅದೇ, ಆಯ್ಕೆಗಳೂ ಅವೇ. ಹಳೆಯ ಸ್ಕ್ರಿಪ್ಟ್‌ಗಳು ಮತ್ತೆ ನಡೆದವು. ಡಿಸ್ಟ್ರೊಗಳು ಹಳೆಯ ಜಿಸಿಜೆಗೆ ಹೇಗೋ ಊರುಗೋಲು ಕೊಟ್ಟು ನಡೆಸಿಕೊಂಡು ಹೋಗಿದ್ದರೆ ಈ ಹೊರಳಿಕೆಯ ತುರ್ತು ಯಾರಿಗೂ ತಟ್ಟುತ್ತಿರಲಿಲ್ಲ.

ಹೊಸ ರೂಪದಲ್ಲೂ ಕೊರತೆಯಿದೆ. ಬದಲಾಯಿಸಿಕೊಂಡ ಹಳೆಯ ಐಟೆಕ್ಸ್ಟ್ ಕೋಡ್ ಇನ್ನೂ ಅದರ ಒಳಗೇ ಇದೆ. ಐಟೆಕ್ಸ್ಟ್ 2009ರ ಡಿಸೆಂಬರ್‌ನಲ್ಲಿ ತನ್ನ 5ನೇ ಆವೃತ್ತಿಯಿಂದ ಎಜಿಪಿಎಲ್ ಪರವಾನಗಿಗೆ ಹೋಯಿತು. ಹಳೆಯ, ಸಡಿಲ ಪರವಾನಗಿಯ ಕೋಡನ್ನು ಓಪನ್‌ಪಿಡಿಎಫ್ ಎಂಬ ಬೇರೊಂದು ಯೋಜನೆ ಮುಂದುವರಿಸಿತು. ಅಂದರೆ ನಕಲು ಬೇಡ ಎಂಬ ನಿಯಮ ಇಲ್ಲಿ ಪೂರ್ತಿ ಗೆದ್ದಿಲ್ಲ. ಆದರೆ ಸೋರ್ಸ್ ಇದೆ, ತಯಾರಿಸುವ ಸಾಧನವಿದೆ, ನೋಡಿಕೊಳ್ಳುವವರಿದ್ದಾರೆ. ನಿಯಮದ ಒಂದು ತುದಿಯನ್ನು ಸಡಿಲಿಸಿ ಅದರ ಉದ್ದೇಶವನ್ನು ಉಳಿಸಿಕೊಂಡ ವಿವೇಕ ಇದು.

ನೋಡಿಕೊಳ್ಳುವುದು ಎಂಬ ಮಾತಿನೊಳಗೆ ಎಷ್ಟು ಕೆಲಸ ಅಡಗಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಪಿಡಿಎಫ್ ಸಾಧನವೊಂದನ್ನು ಡೆಬಿಯನ್‌ಗೆ ಸೇರಿಸಹೊರಟವರು ಮೊದಲು ತಮ್ಮ ಇರಾದೆಯನ್ನು ಬಹಿರಂಗವಾಗಿ ದಾಖಲಿಸಬೇಕು. ಆಮೇಲೆ ಸೋರ್ಸ್‌ನ ಕಡತಗಳ ಹಕ್ಕುದಾರರು ಯಾರು, ಪರವಾನಗಿ ಯಾವುದು ಎಂದು ನೋಡಿ ಬರೆಯಬೇಕು. ಪಿಡಿಎಫ್ ಸಾಧನಗಳಲ್ಲಿ ತೊಡಕು ಹೆಚ್ಚು. ಇವುಗಳ ಪರೀಕ್ಷಾ ಕಡತಗಳೂ ಪಿಡಿಎಫ್‌ಗಳೇ. ಎಲ್ಲಿಂದಲೋ ಇಳಿಸಿಕೊಂಡ ಯಾವುದೋ ಇಲಾಖೆಯ ನಮೂನೆ, ಯಾರದೋ ಕೈಪಿಡಿಯ ಎರಡು ಪುಟ, ಒಳಗೆ ಹುದುಗಿದ ಮಾರಾಟದ ಫಾಂಟ್. ಅವನ್ನು ಹಂಚುವ ಹಕ್ಕು ಯೋಜನೆಗೆ ಇದೆಯೇ? ಆ ಪಿಡಿಎಫ್ ಯಾವ ಮೂಲದಿಂದ ತಯಾರಾಯಿತೋ ಆ ಮೂಲ ಎಲ್ಲಿದೆ? ಉತ್ತರವಿಲ್ಲದಿದ್ದರೆ ಆ ಕಡತಗಳನ್ನು ಕಿತ್ತು ಸೋರ್ಸನ್ನು ಮರುಕಟ್ಟಬೇಕು. ಡೆಬಿಯನ್ ಆವೃತ್ತಿ ಸಂಖ್ಯೆಗಳ ಕೊನೆಯಲ್ಲಿ ಆಗಾಗ ಕಾಣುವ ‘ಡಿಎಫ್‌ಎಸ್‌ಜಿ’ ಎಂಬ ಬಾಲ ಇಂಥ ಶೋಧನೆಯ ಗುರುತು. ಪೋಸ್ಟ್‌ಸ್ಕ್ರಿಪ್ಟ್, ಪಿಡಿಎಫ್ ಕಡತಗಳನ್ನು ಓದುವ ಘೋಸ್ಟ್‌ಸ್ಕ್ರಿಪ್ಟ್‌ನ ಡೆಬಿಯನ್ ಪ್ಯಾಕೇಜಿನಲ್ಲೂ ಅದಿದೆ.

ಮುಂದಿನದು ತಯಾರಿಕೆ. ಪ್ಯಾಕೇಜ್ ಕಟ್ಟುವುದು ಏನೂ ಇಲ್ಲದ ಬರಿಯ ಪರಿಸರದಲ್ಲಿ. ಬೇಕೆಂದು ಬರೆದುಕೊಟ್ಟ ಸಾಧನಗಳಷ್ಟೇ ಅಲ್ಲಿ ಸಿಗುತ್ತವೆ. ಹೀಗೆ ಮಾಡಿದಾಗಲೇ ಬರೆದವನ ಲ್ಯಾಪ್‌ಟಾಪಿನಲ್ಲಿ ಆಕಸ್ಮಿಕವಾಗಿ ಇದ್ದ ಲೈಬ್ರರಿಯ ಮೇಲೆ ಪ್ರೋಗ್ರಾಂ ಗುಟ್ಟಾಗಿ ನಿಂತಿದ್ದರೆ ಬಯಲಾಗುತ್ತದೆ. ಒಂದೇ ಸೋರ್ಸ್‌ನಿಂದ ಎರಡು ಸಲ ಕಟ್ಟಿದರೆ ಒಂದೊಂದು ಬೈಟೂ ಹೊಂದಬೇಕು ಎಂಬ ಪ್ರಯತ್ನವನ್ನು ಡೆಬಿಯನ್ 2013ರಿಂದ ನಡೆಸಿಕೊಂಡು ಬಂದಿದೆ. ಪಿಡಿಎಫ್ ಇಲ್ಲೂ ತಕರಾರು ಮಾಡುತ್ತದೆ: ತಯಾರಾದ ಕ್ಷಣದ ದಿನಾಂಕವನ್ನೂ ಪ್ರತಿ ಸಲ ಬದಲಾಗುವ ಗುರುತುಸಂಖ್ಯೆಯನ್ನೂ ಒಳಗೆ ಬರೆದುಕೊಳ್ಳುತ್ತದೆ. ಕ್ಯೂಪಿಡಿಎಫ್ ಎಂಬ ಸಾಧನದಲ್ಲಿ ಆ ಗುರುತುಸಂಖ್ಯೆಯನ್ನು ಕಡತದ ಒಳಹೂರಣದಿಂದಲೇ ಲೆಕ್ಕಹಾಕಿ ಸ್ಥಿರವಾಗಿಸುವ ಆಯ್ಕೆಯಿದೆ. ಈ ಕ್ಯೂಪಿಡಿಎಫ್ ಬರೆದ ಜೇ ಬರ್ಕನ್‌ಬಿಲ್ಟ್ ಡೆಬಿಯನ್ ಡೆವಲಪರ್ ಕೂಡ. ಅದರ ಡೆಬಿಯನ್ ಪ್ಯಾಕೇಜನ್ನು ನೋಡಿಕೊಂಡು ಬಂದವರೂ ಅವರೇ. ಬರೆಯುವವರಿಗೆ ಪ್ಯಾಕೇಜಿಂಗ್‌ನ ಕಷ್ಟ ಗೊತ್ತಿದ್ದರೆ ಸಾಧನದ ರಚನೆಯೇ ಹೇಗೆ ಬೇರೆಯಾಗುತ್ತದೆ ಎಂಬುದಕ್ಕೆ ಅದು ಒಳ್ಳೆಯ ಉದಾಹರಣೆ.

ಇದೆಲ್ಲಕ್ಕೂ ಗಟ್ಟಿ ಆಕ್ಷೇಪಗಳಿವೆ. ಡಿಸ್ಟ್ರೊ ಪ್ಯಾಕೇಜ್ ಸದಾ ಹಳತಾಗಿರುತ್ತದೆ ಎಂಬುದು ಮೊದಲನೆಯದು. ಗೋ ಭಾಷೆಯಲ್ಲಿ ಬರೆದ ಪಿಡಿಎಫ್‌ಸಿಪಿಯುನಂಥ ಸಾಧನ ಒಂದೇ ಕಡತವಾಗಿ ಸಿಗುತ್ತದೆ. ಇಳಿಸಿಕೊಂಡು ಓಡಿಸಿದರಾಯಿತು, ನಡುವೆ ಈ ದಲ್ಲಾಳಿ ಏಕೆ ಎಂಬುದು ಎರಡನೆಯದು. ಬರೆದವರಿಗೆ ಗೊತ್ತಿರುವಷ್ಟು ಪ್ಯಾಕೇಜ್ ಮಾಡುವವರಿಗೆ ಗೊತ್ತಿರುವುದಿಲ್ಲ, ಅವರ ಕೈಯಾಟದಿಂದ ಹಾನಿಯೇ ಆಗಬಹುದು ಎಂಬುದು ಮೂರನೆಯದು.

ಮೂರನೆಯ ಆಕ್ಷೇಪಕ್ಕೆ ಇತಿಹಾಸದ ಬೆಂಬಲವಿದೆ. 2006ರಲ್ಲಿ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪೀಕರಣ ಲೈಬ್ರರಿಯ ಪ್ಯಾಕೇಜಿನಲ್ಲಿ, ದೋಷಶೋಧಕ ಸಾಧನವೊಂದು ಕೊಡುತ್ತಿದ್ದ ಎಚ್ಚರಿಕೆಯನ್ನು ನಿಲ್ಲಿಸಲೆಂದು ಕೋಡಿನ ಸಾಲುಗಳನ್ನು ತೆಗೆಯಲಾಯಿತು. ಯಾದೃಚ್ಛಿಕ ಸಂಖ್ಯೆಗಳಿಗೆ ಬೀಜ ಹಾಕುತ್ತಿದ್ದುದು ಅದೇ ಜಾಗ. 2008ರ ಮೇ 13ರಂದು ವಿಷಯ ಹೊರಬಂದಾಗ ಗೊತ್ತಾದದ್ದೇನೆಂದರೆ, ಆ ಅವಧಿಯಲ್ಲಿ ಡೆಬಿಯನ್, ಉಬುಂಟು ಯಂತ್ರಗಳಲ್ಲಿ ತಯಾರಾದ ಕೀಲಿಗಳಲ್ಲಿದ್ದ ವೈವಿಧ್ಯ ಪ್ರಾಸೆಸ್ ಸಂಖ್ಯೆಯಷ್ಟೇ, ಅಂದರೆ ಒಂದು ಬಗೆಗೆ ಸುಮಾರು 32,768 ಸಾಧ್ಯತೆ. ಅಷ್ಟನ್ನೂ ಮೊದಲೇ ಲೆಕ್ಕಹಾಕಿಟ್ಟುಕೊಳ್ಳಬಹುದಿತ್ತು. ಪ್ಯಾಕೇಜಿಂಗ್ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಎಡವಟ್ಟು ಹುಡುಕುವುದು ಕಷ್ಟ. ಆದರೆ ಅದರಿಂದ ಕಲಿತದ್ದೂ ಇದೆ. ಪ್ಯಾಕೇಜ್ ಮಾಡುವವರು ಮೂಲ ಕೋಡನ್ನು ಮುಟ್ಟಿದರೆ ಆ ಬದಲಾವಣೆ ಪ್ರತ್ಯೇಕ ತೇಪೆಯಾಗಿ ಎಲ್ಲರಿಗೂ ಕಾಣುವಂತಿರಬೇಕು, ಏಕೆ ಮಾಡಿದ್ದೆಂದು ಅದರ ಮೇಲೇ ಬರೆದಿರಬೇಕು, ಮೂಲ ಲೇಖಕರಿಗೆ ಕಳುಹಿಸಿದೆಯೇ ಎಂಬ ನಮೂದಿರಬೇಕು ಎಂಬ ರೂಢಿ ಈಗ ಬೇರೂರಿದೆ. ತಪ್ಪಿನಿಂದ ಸಿಕ್ಕ ಪಾಠ ಕಡಿಮೆ ಮುಟ್ಟಿ, ಮುಟ್ಟಿದ್ದನ್ನು ತೋರಿಸಿ ಎಂಬುದು. ಬಾಗಿಲಲ್ಲಿ ಯಾರೂ ನಿಲ್ಲುವುದು ಬೇಡ ಎಂಬುದಲ್ಲ.

ದಲ್ಲಾಳಿ ಏಕೆ ಎಂಬ ಪ್ರಶ್ನೆಗೆ 2018ರ ಆಗಸ್ಟ್‌ನ ಘಟನೆ ಉತ್ತರ ಕೊಡುತ್ತದೆ. ಗೂಗಲ್‌ನ ಭದ್ರತಾ ಸಂಶೋಧಕ ಟ್ಯಾವಿಸ್ ಆರ್ಮಂಡಿ ಘೋಸ್ಟ್‌ಸ್ಕ್ರಿಪ್ಟ್‌ನಲ್ಲಿ ಗಂಭೀರ ದೋಷಗಳನ್ನು ಬಯಲಿಗಿಟ್ಟರು. ಚಿತ್ರಗಳನ್ನು ಪರಿವರ್ತಿಸುವ ಇಮೇಜ್‌ಮ್ಯಾಜಿಕ್ ಪಿಡಿಎಫ್ ಓದಲು ಹಿಂಬದಿಯಲ್ಲಿ ಕರೆಯುವುದು ಘೋಸ್ಟ್‌ಸ್ಕ್ರಿಪ್ಟನ್ನೇ. ಎಷ್ಟೋ ಜಾಲತಾಣಗಳು ಅಪರಿಚಿತರು ಏರಿಸಿದ ಚಿತ್ರಗಳನ್ನು ಇಮೇಜ್‌ಮ್ಯಾಜಿಕ್‌ಗೆ ಕೊಡುತ್ತಿದ್ದವು. ಘೋಸ್ಟ್‌ಸ್ಕ್ರಿಪ್ಟ್ ತಿದ್ದುವುದರ ಜೊತೆಗೆ ಉಬುಂಟು, ಡೆಬಿಯನ್ ಇನ್ನೊಂದು ಹೆಜ್ಜೆ ಇಟ್ಟವು: ಇಮೇಜ್‌ಮ್ಯಾಜಿಕ್‌ನ ನೀತಿ ಕಡತದಲ್ಲಿ ಪಿಡಿಎಫ್ ಮತ್ತು ಪೋಸ್ಟ್‌ಸ್ಕ್ರಿಪ್ಟ್‌ಗಳನ್ನು ತಡೆದವು. ಪಿಡಿಎಫ್ ಪರಿವರ್ತನೆ ನಿಂತಿತೆಂದು ಹಲವರು ದೂರಿದರು. ಆದರೆ ಯಾವ ಅಪಾಯ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ಎರಡೂ ಸಾಧನಗಳನ್ನು ಒಟ್ಟಿಗಿಟ್ಟು ನೋಡುವವರು ಇಬ್ಬರು ಲೇಖಕರಲ್ಲಿ ಯಾರೂ ಅಲ್ಲ. ಒಬ್ಬೊಬ್ಬರಿಗೆ ಕಾಣುವುದು ತಮ್ಮ ತಮ್ಮ ಕೋಡ್. ಇಡೀ ವ್ಯವಸ್ಥೆಯನ್ನು ಒಂದೇ ನೋಟದಲ್ಲಿ ಹಿಡಿಯುವ ಜಾಗ ಡಿಸ್ಟ್ರೊ ಮಾತ್ರ. ಹಳತಾಗಿರುತ್ತದೆ ಎಂಬ ಆಕ್ಷೇಪಕ್ಕೂ ಸಮಾಧಾನ ಇಲ್ಲೇ ಇದೆ. 2024ರ ಮಾರ್ಚ್ 29ರಂದು ಕಡತ ಕುಗ್ಗಿಸುವ ಎಕ್ಸ್‌ಜೆಡ್ ಸಾಧನದಲ್ಲಿ ಯಾರೋ ಬೇಕೆಂದೇ ಇಟ್ಟ ಹಿಂಬಾಗಿಲನ್ನು ಆಂಡ್ರೆಸ್ ಫ್ರಾಯ್ಂಡ್ ಬಯಲಿಗೆಳೆದಾಗ, ಅದು ಡೆಬಿಯನ್‌ನ ಪ್ರಯೋಗದ ಹಂತಗಳನ್ನು ಮುಟ್ಟಿತ್ತು, ಸ್ಥಿರ ಆವೃತ್ತಿಯನ್ನು ಮುಟ್ಟಿರಲಿಲ್ಲ. ಹಿಂದುಳಿಯುವ ಆ ಕೆಲವು ತಿಂಗಳು ತಪ್ಪು ಹೊರಬೀಳಲು ಸಿಗುವ ಕಾಲಾವಕಾಶ.

ಕನ್ನಡಿಗರಿಗೆ ಇದು ದೂರದ ಮಾತಲ್ಲ. ಹಳೆಯ ಕನ್ನಡ ಪುಸ್ತಕವೊಂದನ್ನು ಸ್ಕ್ಯಾನ್ ಮಾಡಿದವರು ಅದರೊಳಗೆ ಪದ ಹುಡುಕುವಂತಾಗಬೇಕೆಂದರೆ ಡೆಬಿಯನ್‌ನಲ್ಲಿ ಎರಡು ಪ್ಯಾಕೇಜ್ ಹೆಸರು ಬರೆದರೆ ಸಾಕು: ಒಸಿಆರ್‌ಮೈಪಿಡಿಎಫ್ ಮತ್ತು ಅಕ್ಷರ ಗುರುತಿಸುವ ಟೆಸರಾಕ್ಟ್‌ನ ಕನ್ನಡ ದತ್ತಾಂಶ. ಅವೆರಡರ ಬೆನ್ನಿಗೆ ಘೋಸ್ಟ್‌ಸ್ಕ್ರಿಪ್ಟ್, ಪೈಕ್‌ಪಿಡಿಎಫ್, ಅದರ ಕೆಳಗೆ ಕ್ಯೂಪಿಡಿಎಫ್ ತಾವಾಗಿ ಬಂದು ಕೂರುತ್ತವೆ. ಗುಬ್ಬಿ, ನವಿಲು ಫಾಂಟ್‌ಗಳೂ ಅದೇ ಭಂಡಾರದಲ್ಲಿವೆ. ಬೇರೆ ಬೇರೆ ದೇಶಗಳವರು ಬೇರೆ ಬೇರೆ ಭಾಷೆಗಳಲ್ಲಿ ಬರೆದ ಈ ಕೋಡ್‌ಗಳು ಒಂದಕ್ಕೊಂದು ಹೊಂದುವ ಆವೃತ್ತಿಗಳಲ್ಲಿ ಸಿಗುವುದು, ಪ್ರತಿಯೊಂದರ ಹಿಂದೆಯೂ ಪ್ಯಾಕೇಜ್ ನೋಡಿಕೊಳ್ಳುವವರು ಇರುವುದರಿಂದ. 2023ರ ಜೂನ್‌ನ ಡೆಬಿಯನ್ 12ರಲ್ಲಿ ಇಂಥ 64,419 ಪ್ಯಾಕೇಜ್‌ಗಳಿದ್ದವು. ಅವನ್ನು ಕಾಯುವವರಲ್ಲಿ ಬಹುತೇಕರು ಸಂಬಳವಿಲ್ಲದ ಸ್ವಯಂಸೇವಕರು.

ಅವರಲ್ಲಿ ಹೆಚ್ಚಿನವರಿಗೆ ಕನ್ನಡ ಗೊತ್ತಿಲ್ಲ. ಕನ್ನಡದಲ್ಲಿ ಏನು ಮುರಿದರೂ ಅವರಿಗೆ ಕಾಣುವುದಿಲ್ಲ. ಪಿಡಿಎಫ್‌ಟಿಕೆಯಲ್ಲೇ ನೋಡಬಹುದು: ಪುಸ್ತಕದ ಅಧ್ಯಾಯಗಳ ಪಟ್ಟಿಯನ್ನು ಹೊರತೆಗೆಯುವ ಸಾದಾ ಕಮಾಂಡ್ ಕೊಟ್ಟರೆ ಕನ್ನಡದ ‘ಕ’ ಅಕ್ಷರದ ಜಾಗದಲ್ಲಿ ಅದರ ಯುನಿಕೋಡ್ ಸಂಖ್ಯೆಯಾದ 3221 ಬರುತ್ತದೆ, ಅಕ್ಷರವಾಗಿಯೇ ಬೇಕೆಂದರೆ ಯುಟಿಎಫ್-8 ಆಯ್ಕೆ ಕೊಡಬೇಕು. ಇಂಗ್ಲಿಷ್ ಮಾತ್ರ ಬಳಸುವವರಿಗೆ ಎರಡರ ವ್ಯತ್ಯಾಸ ಎಂದೂ ಎದುರಾಗದು.

ಇಲ್ಲಿ ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಿಗೂ ಕನ್ನಡ ತಂತ್ರಾಂಶದ ಆಸಕ್ತರಿಗೂ ಮಾಡಬಹುದಾದ ಖಚಿತ ಕೆಲಸವಿದೆ. ಡೆಬಿಯನ್ ಪ್ಯಾಕೇಜ್‌ಗಳಿಗೆ ಆಟೊಪಿಕೆಜಿಟೆಸ್ಟ್ ಎಂಬ ಪರೀಕ್ಷಾ ವ್ಯವಸ್ಥೆಯಿದೆ. ಪ್ಯಾಕೇಜ್ ಜೊತೆಗಿರುವ ಪರೀಕ್ಷೆಗಳನ್ನು ಅದು ತಾನಾಗಿ ಓಡಿಸುತ್ತದೆ. ಹೊಸ ಆವೃತ್ತಿಯಿಂದಾಗಲಿ, ಅದು ನೆಚ್ಚಿದ ಲೈಬ್ರರಿಯ ಬದಲಾವಣೆಯಿಂದಾಗಲಿ ನಿನ್ನೆ ಪಾಸಾಗುತ್ತಿದ್ದ ಪರೀಕ್ಷೆ ಇವತ್ತು ಫೇಲಾದರೆ ಆ ಬದಲಾವಣೆ ಮುಂದಿನ ಹಂತಕ್ಕೆ ಹೋಗದಂತೆ ತಡೆಯುತ್ತದೆ. ಹೆಸರು ಕನ್ನಡದಲ್ಲಿರುವ ಒಂದು ಪಿಡಿಎಫ್ ಕಡತ, ಅದರೊಳಗೆ ಒತ್ತಕ್ಷರಗಳಿರುವ ನಾಲ್ಕಾರು ಅಧ್ಯಾಯ ಶೀರ್ಷಿಕೆ. ಅವನ್ನು ಬರೆದು, ಮರಳಿ ಓದಿ, ಎರಡೂ ಒಂದೇ ಎಂದು ತಾಳೆ ನೋಡುವ ಹತ್ತಿಪ್ಪತ್ತು ಸಾಲಿನ ಸ್ಕ್ರಿಪ್ಟ್. ಸೆಮಿಸ್ಟರ್ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು ಮುಕ್ತ ಪರವಾನಗಿಯಲ್ಲಿ ತಾವೇ ತಯಾರಿಸಿದ ಕಡತದೊಂದಿಗೆ ಇದನ್ನು ಪಿಡಿಎಫ್‌ಟಿಕೆ-ಜಾವಾಕ್ಕೂ ಕ್ಯೂಪಿಡಿಎಫ್‌ಗೂ ಒಸಿಆರ್‌ಮೈಪಿಡಿಎಫ್‌ಗೂ ಬರೆದು ಕಳುಹಿಸಬಹುದು. ಪ್ಯಾಕೇಜ್ ನೋಡಿಕೊಳ್ಳುವವರು ಅದನ್ನು ಒಪ್ಪಿಕೊಂಡರೆ, ಕನ್ನಡದ ಶೀರ್ಷಿಕೆಗಳನ್ನು ಕೆಡಿಸುವ ಆವೃತ್ತಿ ಬಂದಾಗ ಕನ್ನಡದ ಒಂದಕ್ಷರ ಓದಲು ಬಾರದವರೂ ಅದನ್ನು ಪ್ರಯೋಗದ ಹಂತದಲ್ಲೇ ಹಿಡಿದು ನಿಲ್ಲಿಸುತ್ತಾರೆ.